ಹೊಡಿ ಅಂದಾಗ ಹೊಡಿ, ಸಾಕು ಅಂದಾಗ ನಡಿ

ಈ ನಾಡಿನಲ್ಲಿ ತಮಟೆ ಇಲ್ಲದೆ ಏನೂ ನಡೆಯುವುದಿಲ್ಲ. ಊರಮ್ಮ ಗುಡಿಯಿಂದ ಹೊರಗೆ ಬರುವುದಿಲ್ಲ. ಗಣಪತಿ ಕೆರೆಗೆ ಇಳಿಯುವುದಿಲ್ಲ. ಶಾಸಕರು ಕಾರಿನಿಂದ ಇಳಿಯುವುದಿಲ್ಲ. ಹೆಣ ಅಂಗಳ ದಾಟುವುದಿಲ್ಲ. ಗೆದ್ದ ಪಕ್ಷದ ಮೆರವಣಿಗೆಗೆ ತಮಟೆ ಬೇಕು. ಸೋತ ಪಕ್ಷದ ಧರಣಿಗೂ ತಮಟೆ ಬೇಕು.

ಹಾಗಾದರೆ ತಮಟೆಯವರಿಗೆ ಇಲ್ಲಿ ಭಾರಿ ಮರ್ಯಾದೆ ಇರಬೇಕು ಅಂದುಕೊಂಡಿರಾ? ನೀವು ಊರಿಗೆ ಹೊಸಬರಿರಬೇಕು.

ಒಂದೇ ತಮಟೆ, ಒಂದೇ ಏಟು. ತೇರಿನ ಮುಂದೆ ಬಡಿದರೆ ಸಂಸ್ಕೃತಿ. ಮಂತ್ರಿಗಳ ಮುಂದೆ ಬಡಿದರೆ ಸ್ವಾಗತ. ತೆರಿಗೆ ಬಾಕಿ ಇಟ್ಟವರ ಮನೆ ಮುಂದೆ ಬಡಿದರೆ ಆಡಳಿತ. ಜಿಲ್ಲಾಧಿಕಾರಿ ಕಚೇರಿ ಮುಂದೆ ಬಡಿದರೆ ಗಲಾಟೆ. ಏಟು ಅದೇ. ಕೇಳುವವರ ಕಿವಿಗೆ ಮಾತ್ರ ಆಗಾಗ ರಾಜಕೀಯ ಬರುತ್ತದೆ.

ಹಬ್ಬದ ಬೆಳಿಗ್ಗೆಯಿಂದಲೇ ನೋಡಿ. ತಮಟೆಯವರು ಎಲ್ಲರಿಗಿಂತ ಮೊದಲು ಬರುತ್ತಾರೆ. ಅವರನ್ನು ಗುಡಿಯ ಹಿಂದೆ, ಚಪ್ಪಲಿ ರಾಶಿಯ ಆಚೆ ಕೂರಿಸುತ್ತಾರೆ. ಅಲ್ಲಿ ಅವರು ಒಣಹುಲ್ಲು, ಹಳೇ ಪೇಪರು ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತಾರೆ. ತಮಟೆಯ ಮುಖವನ್ನು ಉರಿಗೆ ಹಿಡಿದು ನಿಧಾನಕ್ಕೆ ತಿರುಗಿಸುತ್ತಾರೆ. ಬೆರಳಲ್ಲಿ ತಟ್ಟಿ ಕಿವಿಗೊಡುತ್ತಾರೆ. ಡಬ್ ಅಂದರೆ ಚರ್ಮ ಇನ್ನೂ ಸಡಿಲ. ಟಣ್ ಅಂದರೆ ಬಿಗಿಯಾಯಿತು. ಚೂರು ಹೆಚ್ಚು ಕಾದರೆ ಬಿರಿಯುತ್ತದೆ. ಆಮೇಲೆ ಬಲಗೈಗೆ ದಪ್ಪ ಗಿಡ್ಡ ಕೋಲು, ಎಡಗೈಗೆ ಉದ್ದನೆಯ ತೆಳು ಕಡ್ಡಿ. ದಪ್ಪದ್ದು ಏಟು ಹಾಕುತ್ತದೆ, ತೆಳುವಾದದ್ದು ನಡುನಡುವೆ ಚಟಪಟ ತುಂಬುತ್ತದೆ. ಇದನ್ನು ಕಲಿಯಲು ವರ್ಷಗಳು ಬೇಕು. ಇದೇ ವಿದ್ಯೆ ಸಭಾಂಗಣದಲ್ಲಿ, ರೇಷ್ಮೆ ಜುಬ್ಬ ತೊಟ್ಟವರ ಕೈಯಲ್ಲಿ ನಡೆದಿದ್ದರೆ ನಾವು ಕಣ್ಣು ಮುಚ್ಚಿ ತೊಡೆ ತಟ್ಟುತ್ತಿದ್ದೆವು.

ಇಲ್ಲಿ ಉತ್ಸವ ಸಮಿತಿಯ ಖಜಾಂಚಿ ಬಂದು ಹೇಳುವುದು ಇಷ್ಟು: “ಲೇ, ಹೊಗೆ ಈ ಕಡೆ ಬಿಡಬೇಡ್ರೋ. ಶಾಮಿಯಾನ ಹೊಸದು.”

“ಆಯ್ತಣ್ಣ,” ಎನ್ನುತ್ತಾರೆ ಅವರು. ಖಜಾಂಚಿಯ ವಯಸ್ಸು ಇಪ್ಪತ್ತೈದು. ಅಣ್ಣ ಅಂದವರ ತಲೆ ಪೂರ್ತಿ ಬೆಳ್ಳಗಾಗಿದೆ.

ಆಮೇಲೆ ಕಾಫಿ ಬರುತ್ತದೆ. ಹಿಂದೆ ತೆಂಗಿನ ಚಿಪ್ಪು ಇತ್ತು. ಆಮೇಲೆ ಬೇರೆ ಲೋಟ ಬಂತು. ಹೋಟೆಲ್ಲಿನ ಸೂರಿಗೆ ಸಿಕ್ಕಿಸಿದ್ದ ಆ ಲೋಟವನ್ನು ಕುಡಿದವರೇ ತೊಳೆದಿಡಬೇಕಿತ್ತು. ಕಾನೂನು ಬಂತು, ಚಳವಳಿ ಬಂತು, ಲೋಟ ಅಲ್ಲೇ ಇತ್ತು. ಕೊನೆಗೆ ಪೇಪರ್ ಕಪ್ ಬಂತು. ಎಲ್ಲರಿಗೂ ಒಂದೇ ಕಪ್, ಕುಡಿದು ಬಿಸಾಡಿ. ಯಾರ ಎಂಜಲನ್ನು ಯಾರು ತೊಳೆಯಬೇಕು ಎಂಬ ಪ್ರಶ್ನೆಯೇ ಇಲ್ಲ. ಸಂವಿಧಾನದ 17ನೇ ವಿಧಿಯ ಕೈಲಾಗದ್ದನ್ನು ಬೇಕರಿಯವರು ಸಗಟು ದರದಲ್ಲಿ ಸಾಧಿಸಿದರು. “ನಮ್ಮೂರಲ್ಲಿ ಅಂಥದ್ದೆಲ್ಲ ಈಗ ಇಲ್ಲ ಸಾರ್” ಎಂದು ಎದೆ ತಟ್ಟಿಕೊಳ್ಳುವವರು ಒಮ್ಮೆ ಸ್ಟೀಲ್ ಲೋಟ ಇಟ್ಟು ನೋಡಲಿ.

ವಿಜ್ಞಾನವೂ ಇಲ್ಲಿ ಒಂದು ದೊಡ್ಡ ಪ್ರಯೋಗ ಮಾಡಿದೆ. ಚರ್ಮದ ಜಾಗಕ್ಕೆ ಈಗ ಫೈಬರ್ ತಮಟೆ ಬಂದಿದೆ. ಕಬ್ಬಿಣದ ಬಳೆ, ಪ್ಲಾಸ್ಟಿಕ್ ಮುಖ. ಕಾಯಿಸುವ ಗೋಜಿಲ್ಲ, ಮಳೆಯ ಹೆದರಿಕೆಯಿಲ್ಲ. ಸತ್ತ ದನದ ಚರ್ಮ ಮುಟ್ಟುವುದರಿಂದ ಮೈಲಿಗೆ ಎಂದು ಹಿರಿಯರು ಹೇಳುತ್ತಿದ್ದರಲ್ಲ, ಚರ್ಮವೇ ಹೋಯಿತು. ಮೈಲಿಗೆ ಹೋಯಿತೇ? ಪ್ಲಾಸ್ಟಿಕ್ ಬಡಿಯುವವರೂ ಮೆಟ್ಟಿಲ ಕೆಳಗೇ ನಿಂತಿದ್ದಾರೆ. ಮೈಲಿಗೆ ಚರ್ಮದಲ್ಲಿ ಇರಲೇ ಇಲ್ಲ ಎಂದು ಸಾಬೀತಾಯಿತು. ಈ ಸಂಶೋಧನೆಗೆ ಯಾರಿಗೂ ಡಾಕ್ಟರೇಟ್ ಕೊಟ್ಟಂತಿಲ್ಲ.

ಮೆಟ್ಟಿಲ ವಿಷಯಕ್ಕೇ ಬರೋಣ. ದೇವರು ಹೊರಡುವಾಗ ತಮಟೆಯವರು ಎಲ್ಲರಿಗಿಂತ ಮುಂದೆ. ಇಡೀ ಊರು ಅವರ ಹಿಂದೆ. ಬೀದಿ ಬೀದಿ ಸುತ್ತಿ, ಬೆವರು ಸುರಿಸಿ, ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ದೇವರನ್ನು ವಾಪಸ್ ಗುಡಿ ಬಾಗಿಲಿಗೆ ತಂದು ಬಿಡುತ್ತಾರೆ. ಅಲ್ಲಿಗೆ ಮುಂದಿದ್ದವರು ಪಕ್ಕಕ್ಕೆ ಸರಿಯಬೇಕು. ಹಿಂದಿದ್ದವರು ಒಳಗೆ ಹೋಗುತ್ತಾರೆ. ದಿನವಿಡೀ ದಾರಿ ತೋರಿಸಿದವರಿಗೆ ಕೊನೆಯ ಹತ್ತು ಹೆಜ್ಜೆಯ ದಾರಿ ಮಾತ್ರ ಗೊತ್ತಿಲ್ಲವಂತೆ.

ಒಳಗೆ ಏನಿದೆ ಗೊತ್ತೇ? ಮೋಟಾರು. ಹೌದು, ನಗಾರಿ, ಜಾಗಟೆ, ಗಂಟೆ ಎಲ್ಲವನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ಕೂರಿಸಿದ ಯಂತ್ರ. ಮಂಗಳಾರತಿ ಹೊತ್ತಿಗೆ ಅರ್ಚಕರು ಸ್ವಿಚ್ ಒತ್ತುತ್ತಾರೆ. ಢಣ ಢಣ ಶುರು. ತಾಳವಿಲ್ಲ, ಲಯವಿಲ್ಲ, ಕರೆಂಟು ಇದ್ದರಾಯಿತು. ಆ ಯಂತ್ರ ಎಲ್ಲಿ ತಯಾರಾಯಿತು, ಬೋಲ್ಟು ಬಿಗಿದವರು ಯಾರು, ವೈಂಡಿಂಗ್ ಮಾಡಿದವರು ಯಾರು, ಆ ನಗಾರಿಗೆ ಮುಖ ಕಟ್ಟಿದವರು ಯಾರು ಎಂದು ಯಾರೂ ಕೇಳಲಿಲ್ಲ. ಗೋತ್ರ ಹೇಳಬೇಕಾದ ಕಷ್ಟ ಮೋಟಾರಿಗೆ ಇಲ್ಲ. ಬಡಿಯುವ ಯಂತ್ರಕ್ಕೆ ಪ್ರವೇಶ ಉಂಟು, ಬಡಿಯುವ ಮನುಷ್ಯನಿಗಿಲ್ಲ. ದೇವರಿಗೂ ಇದೇ ಇಷ್ಟವಂತೆ. ಅವನನ್ನು ಕೇಳಿದವರಂತೂ ಇಲ್ಲ.

ಇದೆಲ್ಲ ಹಳ್ಳಿಯ ಅನಾಗರಿಕರ ಕಥೆ ಎಂದು ನಗರದವರು ಕಾಲು ಮೇಲೆ ಕಾಲು ಹಾಕಿ ಕೂರುವುದು ಬೇಡ. ನಿಮ್ಮ ಪಾಲಿಕೆಯ ಕಥೆ ಇದಕ್ಕಿಂತ ಚೆನ್ನಾಗಿದೆ.

ಆಸ್ತಿ ತೆರಿಗೆ ಕಟ್ಟದವರು ನೋಟಿಸಿಗೆ ಬಗ್ಗುವುದಿಲ್ಲ. ಬಡ್ಡಿಗೂ ಬಗ್ಗುವುದಿಲ್ಲ. ಆಗ ನಮ್ಮ ಅಧಿಕಾರಿಗಳಿಗೆ ಒಂದು ಆಡಳಿತ ಸುಧಾರಣೆ ಹೊಳೆಯಿತು. ತಮಟೆಯವರನ್ನು ಕರೆಸಿ. ಬಾಕಿದಾರರ ಬಾಗಿಲಲ್ಲಿ ನಿಲ್ಲಿಸಿ. ಬಡಿಸಿ. ಬೆಂಗಳೂರೂ ಸೇರಿ ಹಲವು ನಗರಗಳಲ್ಲಿ ಈ ನಾಟಕ ನಡೆಯಿತು. ಟಿವಿ ಕ್ಯಾಮೆರಾಗಳು ಬಂದವು. ಬಾಕಿದಾರರು ಓಡೋಡಿ ಬಂದು ಚೆಕ್ ಬರೆದುಕೊಟ್ಟರು. ಎಂಥ ವಿನೂತನ ಕ್ರಮ ಎಂದು ಎಲ್ಲರೂ ನಕ್ಕರು.

ನಗುವ ಮೊದಲು ಒಂದು ನಿಮಿಷ ಯೋಚಿಸಬೇಕಿತ್ತು. ಅವರು ಹೆದರಿದ್ದು ಯಾವುದಕ್ಕೆ? ಬಾಗಿಲಿಗೆ ವೀಣೆಯವರನ್ನು ಕಳಿಸಿದ್ದರೆ ಹೆದರುತ್ತಿದ್ದರೇ? ನಾದಸ್ವರ ಊದಿಸಿದ್ದರೆ ಮನೆಯಲ್ಲಿ ಮದುವೆ ಎಂದು ಅಕ್ಕಪಕ್ಕದವರು ಊಟಕ್ಕೆ ಬರುತ್ತಿದ್ದರು. ಬಾಗಿಲಲ್ಲಿ ತಮಟೆ ಕೇಳಿದರೆ ಸಾವು ಎಂದರ್ಥ. ತಮಟೆಯವರು ಅಂಗಳಕ್ಕೆ ಬಂದರೆ ಅವಮಾನ ಎಂದರ್ಥ. ಈ ಅರ್ಥಗಳನ್ನು ಕಟ್ಟಿದ್ದು ಜಾತಿ. ಆ ಜಾತಿಯ ಅಸಹ್ಯವನ್ನೇ ಸರ್ಕಾರ ವಸೂಲಿಯ ಆಯುಧ ಮಾಡಿಕೊಂಡಿತು. ಅಸ್ಪೃಶ್ಯತೆಯನ್ನು 1950ರಲ್ಲೇ ನಿಷೇಧಿಸಿದ ಅದೇ ಸರ್ಕಾರ. “ತೆರಿಗೆ ಕಟ್ಟದಿದ್ದರೆ ನಿಮ್ಮ ಬಾಗಿಲಿಗೆ ಇವರನ್ನು ಕಳಿಸುತ್ತೇವೆ” ಎಂದು ಮೊಹರು ಹಾಕಿ ಹೇಳಿತು. ತಮಟೆಯವರನ್ನೇ ನೋಟಿಸಿನಂತೆ ಗೇಟಿಗೆ ಅಂಟಿಸಿತು. ಅವರಿಗೆ ಒಂದು ದಿನದ ಕೂಲಿ ಸಿಕ್ಕಿತು. ಅವರಿರುವುದೇ ಒಂದು ಶಿಕ್ಷೆ ಎಂಬ ಸರ್ಕಾರಿ ಪ್ರಮಾಣಪತ್ರ ಅದರ ಜೊತೆಗೆ ಉಚಿತ.

ಈಗ ಸದ್ದಿನ ಕಾನೂನಿಗೆ ಬನ್ನಿ. ಶಬ್ದ ಮಾಲಿನ್ಯ ನಿಯಮಗಳು ಬಂದದ್ದು 2000ದಲ್ಲಿ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಆದರೆ ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ 15 ದಿನದವರೆಗೆ ಮಧ್ಯರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು. ಧರಣಿಗೆ ಅಂಥ ಸಡಿಲಿಕೆ ಇಲ್ಲ. ದೇವರಿಗೆ 12 ಗಂಟೆ. ಅನ್ಯಾಯ ಆದವರು 10ಕ್ಕೆ ಮಲಗಬೇಕು.

ಅದೂ ಕಾಗದದ ಮೇಲಿನ ಲೆಕ್ಕ. ಗಣಪತಿ ಮೆರವಣಿಗೆಯ ಡಿಜೆ ಲಾರಿ ಹಾದುಹೋದರೆ ಕಿಟಕಿಯ ಗಾಜು ನಡುಗುತ್ತದೆ, ಎದೆಗೂಡು ನಡುಗುತ್ತದೆ. ಹಬ್ಬಕ್ಕೆ ಮೊದಲು ಡಿಜೆ ನಿಷೇಧ ಎಂದು ಪೊಲೀಸರು ಪ್ರಕಟಣೆ ಕೊಡುತ್ತಾರೆ. ಹಬ್ಬದ ದಿನ ಅದೇ ಪೊಲೀಸರು ಡಿಜೆ ಲಾರಿಗೆ ದಾರಿ ಬಿಡಿಸಿಕೊಡುತ್ತಾರೆ. ಡೆಸಿಬೆಲ್ ಅಳೆಯುವ ಯಂತ್ರಕ್ಕೆ ಆಗ ಬ್ಯಾಟರಿ ಇರುವುದಿಲ್ಲ. ಬ್ಯಾಟರಿ ತುಂಬುವುದು ಅಂಬೇಡ್ಕರ್ ಜಯಂತಿಗೆ. ಏಪ್ರಿಲ್ 14ರ ಸಂಜೆ ಕೇರಿಯ ಹುಡುಗರು ತಮ್ಮದೇ ತಮಟೆಯನ್ನು, ತಮ್ಮದೇ ಖುಷಿಗೆ, ಯಾರ ಅಪ್ಪಣೆಗೂ ಕಾಯದೆ ಬಡಿಯುತ್ತಾರಲ್ಲ, ಆಗ ಊರಿಗೆ ತಟ್ಟನೆ ಪರೀಕ್ಷೆ ಓದುವ ಮಕ್ಕಳ ನೆನಪಾಗುತ್ತದೆ. ಹೃದ್ರೋಗಿಗಳ ನೆನಪಾಗುತ್ತದೆ. ಈ ಬೀದಿಯಲ್ಲಿ ಬೇಡ, ಆ ಬೀದಿಯಲ್ಲಿ ಹೋಗಿ ಎಂಬ ಶಾಂತಿಸಭೆ ನಡೆಯುತ್ತದೆ. ಊರಮ್ಮನ ಜಾತ್ರೆಯಲ್ಲಿ ಇದೇ ಹುಡುಗರು ಬಡಿದಾಗ ಹೃದ್ರೋಗಿಗಳೆಲ್ಲ ಆರೋಗ್ಯವಾಗಿದ್ದರು.

2020ರ ಮಾರ್ಚ್ 22 ಮರೆತಿರಾ? ಸಂಜೆ ಐದಕ್ಕೆ ಇಡೀ ದೇಶ ಬಾಲ್ಕನಿಗೆ ಬಂದು ತಟ್ಟೆ ಬಡಿಯಿತು. ಚಮಚ, ಜಾಗಟೆ, ಕುಕ್ಕರಿನ ಮುಚ್ಚಳ, ಕೈಗೆ ಸಿಕ್ಕಿದ್ದೆಲ್ಲ ವಾದ್ಯವಾಯಿತು. ಬಡಿಯುವುದು ಕೀಳು ಕೆಲಸ ಎಂದು ಆ ದಿನ ಯಾರಿಗೂ ಅನ್ನಿಸಲಿಲ್ಲ. ಸದ್ದಿನಿಂದ ಕೊರೊನಾ ವೈರಾಣು ಸಾಯುತ್ತದೆ ಎಂದು ವಾಟ್ಸ್ಆಪ್ ವಿಜ್ಞಾನಿಗಳು ವಿವರಿಸಿದರು. ಸದ್ದಿಗೆ ಅಷ್ಟು ಶಕ್ತಿ ಇದ್ದಿದ್ದರೆ ತಲೆತಲಾಂತರದಿಂದ ಬಡಿಯುತ್ತಿರುವವರ ಕೇರಿಯಲ್ಲಿ ಕನಿಷ್ಠ ಚರಂಡಿಯಾದರೂ ಇರಬೇಕಿತ್ತು.

ಸರಿ, ಬೆಂಗಳೂರಿನಲ್ಲಿ ತಮಟೆ ಹಿಡಿದು ಪ್ರತಿಭಟಿಸಬೇಕು ಎಂದರೆ? ಹಿಂದೆ ಪುರಭವನದ ಮೆಟ್ಟಿಲಿತ್ತು, ಮೈಸೂರು ಬ್ಯಾಂಕ್ ವೃತ್ತವಿತ್ತು. 2021ರಲ್ಲಿ ಆದೇಶ ಬಂತು. ಇನ್ನು ಏನಿದ್ದರೂ ಫ್ರೀಡಂ ಪಾರ್ಕ್. ಕಾರಣ, ಸಂಚಾರ ದಟ್ಟಣೆ. ಆ ಪಾರ್ಕ್ ಹಿಂದೆ ಏನಾಗಿತ್ತು ಎಂದು ಮಕ್ಕಳಿಗೂ ಗೊತ್ತು. ಸೆಂಟ್ರಲ್ ಜೈಲು. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು. ಸ್ವಾತಂತ್ರ್ಯ ಕೇಳಿದವರನ್ನು ಆಗ ಅಲ್ಲಿಗೆ ಪೊಲೀಸರು ಎಳೆದೊಯ್ಯುತ್ತಿದ್ದರು. ಈಗ ನಾವೇ ಅರ್ಜಿ ಬರೆದು, ಅನುಮತಿ ಪಡೆದು, ಬಸ್ ಟಿಕೆಟ್ಟು ತೆಗೆದುಕೊಂಡು ಹೋಗುತ್ತೇವೆ. ಒಳಗೆ ಎಷ್ಟು ಬೇಕಾದರೂ ತಮಟೆ ಬಡಿಯಿರಿ. ವಿಧಾನಸೌಧಕ್ಕೆ ಕೇಳುವುದಿಲ್ಲ. ಕೇಳಬಾರದು ಎಂದೇ ಅಲ್ಲವೇ ಜಾಗ ಕೊಟ್ಟದ್ದು? ಗಣಪತಿ ಮೆರವಣಿಗೆಯಿಂದಲೂ ರಸ್ತೆ ಕಟ್ಟಿಕೊಳ್ಳುತ್ತದೆ. ಗಣಪತಿಯನ್ನು ಫ್ರೀಡಂ ಪಾರ್ಕಿನೊಳಗೇ ಸುತ್ತಿಸಿ ಎಂದು ಹೇಳುವ ಗಂಡೆದೆಯ ಅಧಿಕಾರಿ ಇನ್ನೂ ಹುಟ್ಟಿಲ್ಲ.

ಇಷ್ಟು ಬೈದದ್ದಕ್ಕೆ ಪ್ರಗತಿಪರರು ಮುಗುಳ್ನಗುತ್ತಿದ್ದರೆ, ಸ್ವಾಮಿ, ನಿಮ್ಮ ಸರದಿಯೂ ಇದೆ.

ನಿಮ್ಮ ಎಲ್ಲ ಹೋರಾಟಕ್ಕೂ ತಮಟೆ ಬೇಕು. ಆರಂಭದ ಏಟು ನಿಮಗೆ ರೋಮಾಂಚನ. ಪೋಸ್ಟರಿನಲ್ಲಿ ತಮಟೆ ಹಿಡಿದ ಮುಷ್ಟಿ. ತಮಟೆಯವರು ಹತ್ತು ನಿಮಿಷ ಬಡಿಯುತ್ತಾರೆ. ಆಮೇಲೆ ಮೈಕು ನಿಮ್ಮ ಕೈಗೆ ಬರುತ್ತದೆ, ಮೂರು ಗಂಟೆ ಹೋಗುವುದಿಲ್ಲ. ಜಾತಿ ವಿನಾಶದ ಬಗ್ಗೆ ಐದು ಜನ ಭಾಷಣ ಮಾಡುತ್ತಾರೆ. ತಮಟೆಯವರು ವೇದಿಕೆಯ ಕೆಳಗೆ, ಬಿಸಿಲಲ್ಲಿ. ಭಾಷಣದ ನಡುವೆ ಚಪ್ಪಾಳೆ ಕಡಿಮೆಯಾದಾಗ “ಒಂದು ಏಟು ಹಾಕ್ರಪ್ಪಾ” ಎಂದು ಕೈಸನ್ನೆ. ಗುಡಿಯ ಮೆಟ್ಟಿಲಿನ ಕೆಳಗೆ ನಿಲ್ಲಿಸುವವರಿಗೂ ಕ್ರಾಂತಿಯ ಮೆಟ್ಟಿಲಿನ ಕೆಳಗೆ ನಿಲ್ಲಿಸುವವರಿಗೂ ವ್ಯತ್ಯಾಸ ಏನು? ಗುಡಿಯವರು ಪ್ರಸಾದ ಕೊಡುತ್ತಾರೆ. ನೀವು ಕರಪತ್ರ ಕೊಡುತ್ತೀರಿ.

ನಿಮ್ಮ ಮಕ್ಕಳು ವಾರಾಂತ್ಯದ ಕಾರ್ಯಾಗಾರದಲ್ಲಿ ತಮಟೆ ಕಲಿಯುತ್ತಾರೆ. ಕಲಿಯಲಿ, ಒಳ್ಳೆಯದೇ. ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಾರೆ, ಮೆಚ್ಚುಗೆ ಬರುತ್ತದೆ. ಅವರ ಕೈಯಲ್ಲಿ ತಮಟೆ ಇದ್ದರೆ ಪ್ರತಿರೋಧ. ಅದನ್ನು ಕಲಿಸಿದವರ ಕೈಯಲ್ಲಿ ಇದ್ದರೆ ಕುಲಕಸುಬು. ಕಾರ್ಯಾಗಾರ ಮುಗಿಸಿ ಅವರು ವಿದೇಶಕ್ಕೆ ಹೋಗುತ್ತಾರೆ. ಕಲಿಸಿದವರು ಸಾವಿನ ಮನೆಗೆ ಹೋಗುತ್ತಾರೆ.

ರಾಜಕೀಯ ಪಕ್ಷಗಳ ಬಗ್ಗೆ ಹೆಚ್ಚು ಹೇಳುವುದು ವ್ಯರ್ಥ. ತಾಲ್ಲೂಕು ಕೇಂದ್ರಕ್ಕೆ ಇರುವುದೇ ನಾಲ್ಕಾರು ತಮಟೆ ಸೆಟ್ಟು. ಬೆಳಿಗ್ಗೆ ಒಂದು ಪಕ್ಷದ ನಾಮಪತ್ರ, ಮಧ್ಯಾಹ್ನ ಇನ್ನೊಂದರ ರೋಡ್ ಶೋ, ಸಂಜೆ ಮತದಾನ ಜಾಗೃತಿ ಜಾಥಾ. ಎಲ್ಲದಕ್ಕೂ ಅವರೇ. ಕೊರಳಿನ ಶಾಲಿನ ಬಣ್ಣ ಮಾತ್ರ ಬದಲು. ಈ ರಾಜ್ಯದಲ್ಲಿ ಎಲ್ಲ ಪಕ್ಷಗಳ ಭಾಷಣವನ್ನೂ ಪೂರ್ತಿ ಕೇಳಿಸಿಕೊಂಡವರು ಅವರೊಬ್ಬರೇ. ಆಮೇಲೂ ಸುಮ್ಮನಿದ್ದಾರಲ್ಲ, ಆ ಸಹನೆಗೇ ಒಂದು ಪ್ರಶಸ್ತಿ ಕೊಡಬೇಕು.

ದುಡ್ಡಿನ ವಿಷಯ ಕೇಳಿ. ಡಿಜೆಯವರಿಗೆ ಮುಂಗಡ ಕೊಡದಿದ್ದರೆ ಲಾರಿ ಬರುವುದಿಲ್ಲ. ನಾಸಿಕ್ ಡೋಲ್‌ನವರಿಗೆ ಮುಂಗಡ, ವಸತಿ, ಊಟ. ಕೇರಳದ ಚೆಂಡೆಯವರಿಗೆ ಮುಂಗಡ, ಜೊತೆಗೆ ಜರಿ ಶಾಲು. ತಮಟೆಯವರಿಗೆ? “ಮೊದಲು ಬಡೀರಿ, ಆಮೇಲೆ ನೋಡೋಣ.” ದೂರದಿಂದ ಬಂದ ಡೋಲು ಕಲೆ. ಪಕ್ಕದ ಕೇರಿಯಿಂದ ಬಂದ ತಮಟೆ ಚಾಕರಿ. ನಾಸಿಕ್‌ನವರ ಜಾತಿ ನಮಗೆ ಗೊತ್ತಿಲ್ಲ. ಗೊತ್ತಿಲ್ಲದ ಜಾತಿಯ ಮುಂದೆ ನಾವೆಲ್ಲ ಬಹಳ ಉದಾರಿಗಳು.

“ಆಮೇಲೆ” ಬಂದಾಗ ಕೂಲಿಯ ಒಂದು ಪಾಲು ಕ್ವಾರ್ಟರ್ ಬಾಟಲಿಯ ರೂಪದಲ್ಲಿ ಇರುತ್ತದೆ. ಕೊಟ್ಟವರೇ ಮರುದಿನ ಕಟ್ಟೆಯ ಮೇಲೆ ಕೂತು ಹೇಳುತ್ತಾರೆ, “ಏನೇ ಕೊಟ್ಟರೂ ಅಷ್ಟೇ ಬಿಡಿ, ಇವರು ಕುಡಿದೇ ಹಾಳಾಗೋದು.”

ಸರ್ಕಾರದ ದಾರಿ ಇನ್ನೂ ಸಭ್ಯ. ಅಲ್ಲಿ ಕಡತ ಇರುತ್ತದೆ. ಮೈಸೂರು ದಸರಾದಲ್ಲಿ 750 ಕೆ.ಜಿ. ಅಂಬಾರಿ ಹೊತ್ತ ಆನೆ ಅಭಿಮನ್ಯುವಿನ ತೂಕ ಎಷ್ಟು, ಅವನು ಬೆಳಿಗ್ಗೆ ಏನು ತಿಂದ, ಎಲ್ಲವೂ ಪತ್ರಿಕೆಯಲ್ಲಿ ಬರುತ್ತದೆ. ಅವನ ಮುಂದೆ ಬಿಸಿಲಲ್ಲಿ ಕಿಲೋಮೀಟರ್‌ಗಟ್ಟಲೆ ಬಡಿಯುತ್ತ, ಕುಣಿಯುತ್ತ ನಡೆಯುವವರಿಗೆ ಪತ್ರಿಕೆಯಲ್ಲಿ ಇರುವುದು ಒಂದೇ ಹೆಸರು: ಕಲಾತಂಡ. ಆನೆಗೆ ಹೆಸರಿದೆ. ಇವರಿಗೆ ವರ್ಗೀಕರಣ ಇದೆ.

2024ರಲ್ಲಿ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಸರ್ಕಾರ ಘೋಷಿಸಿತು. ಕಚೇರಿಗಳಲ್ಲಿ ಫೋಟೊ ತೂಗಿತು. ಜಯಂತಿಯ ಮೆರವಣಿಗೆಯ ಮುಂದೆ ತಮಟೆ, ಡೊಳ್ಳು. ಆ ಬಸವಣ್ಣನವರ ಜೊತೆಯವರಲ್ಲಿ ಢಕ್ಕೆಯ ಬೊಮ್ಮಣ್ಣ ಎಂಬ ಶರಣರಿದ್ದರು. ಢಕ್ಕೆ ಬಡಿಯುವುದೇ ಕಾಯಕ, ವಚನವನ್ನೂ ಬರೆದವರು. ಹನ್ನೆರಡನೇ ಶತಮಾನದಲ್ಲಿ ಬಡಿಯುವವರು ಬರೆಯುತ್ತಿದ್ದರು, ಮಾತಾಡುತ್ತಿದ್ದರು, ಸರಿಸಮ ಕೂರುತ್ತಿದ್ದರು. ಇಪ್ಪತ್ತೊಂದನೇ ಶತಮಾನದ ಬಸವ ಜಯಂತಿಯಲ್ಲಿ ಬಡಿಯುವವರು ಬಡಿದು, ವೋಚರಿಗೆ ಸಹಿ ಹಾಕಿ, ಬಿಲ್ಲು ಪಾಸಾಗುವ ತನಕ ಕಾಯುತ್ತಾರೆ. ಪ್ರಗತಿ ಅಂದರೆ ಇದೇ ಇರಬೇಕು.

ಪ್ರಶಸ್ತಿಗಳು ಇಲ್ಲವೇ ಎನ್ನಬೇಡಿ. ಇವೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಅವರ ಕೈಗೆ ಎಂದೋ ಬರಬೇಕಾಗಿದ್ದ ಗೌರವ ಅದು. ಆದರೆ ಒಬ್ಬರಿಗೆ ಪದ್ಮಶ್ರೀ ಬಂದ ತಕ್ಷಣ ಉಳಿದ ಸಾವಿರಾರು ಜನರ ಬಾಕಿ ಚುಕ್ತಾ ಆಯಿತು ಎಂದು ಇಡೀ ರಾಜ್ಯ ಕೈ ಒರೆಸಿಕೊಂಡಿತಲ್ಲ, ಆ ಲೆಕ್ಕಪತ್ರ ಬರೆದವರು ಯಾರು? ಆ ವಾರ ತಮಟೆಯ ಹಿರಿಮೆ ಬಗ್ಗೆ ಸಂಪಾದಕೀಯ ಬರೆದವರಲ್ಲಿ ಎಷ್ಟು ಜನ ತಮ್ಮೂರಿನ ತಮಟೆಯವರ ಹೆಸರು ಹೇಳಬಲ್ಲರು? ಅಡ್ಡಹೆಸರಲ್ಲ, ಪಡಿತರ ಚೀಟಿಯಲ್ಲಿರುವ ಹೆಸರು.

ಸಿನಿಮಾ ಪ್ರಶಸ್ತಿಯ ಕಥೆಯಂತೂ ಸೊಗಸು. ಸೊರಗುತ್ತಿರುವ ಡೊಳ್ಳು ತಂಡವೊಂದರ ಮೇಲೆ ‘ಡೊಳ್ಳು’ ಎಂಬ ಕನ್ನಡ ಚಿತ್ರ ಬಂತು. 2022ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಎನಿಸಿತು. ಜೊತೆಗೆ ಚಿತ್ರೀಕರಣದ ಸ್ಥಳದಲ್ಲೇ ಧ್ವನಿ ಮುದ್ರಿಸಿದ್ದಕ್ಕೆ ಇನ್ನೊಂದು ಪ್ರಶಸ್ತಿ. ಆಗ ಚಿತ್ರದ ಧ್ವನಿ ವಿನ್ಯಾಸಕರೇ ಎದ್ದು ನಿಂತು, ಇದು ಸ್ಥಳದಲ್ಲಿ ಮುದ್ರಿಸಿದ ಧ್ವನಿಯಲ್ಲ, ಡಬ್ ಮಾಡಿದ ಚಿತ್ರ ಎಂದರು. ಜಾಗದಲ್ಲಿ ಹಿಡಿಯದ ಸದ್ದಿಗೆ ಜಾಗದ ಸದ್ದಿನ ಪ್ರಶಸ್ತಿ. ಚಿತ್ರ ಮಾಡಿದವರನ್ನು ಬೈದು ಪ್ರಯೋಜನವಿಲ್ಲ, ಕೇಳಿದವರ ಕಿವಿ ಅಂಥದ್ದು. ನಾವು ಈ ವಾದ್ಯಗಳನ್ನು ಕೇಳುತ್ತಿರುವುದು ಹೀಗೆಯೇ. ಸದ್ದು ಎಲ್ಲಿಂದ ಬರುತ್ತಿದೆ ಎಂದು ಕತ್ತೆತ್ತಿ ನೋಡದೆ ಚಪ್ಪಾಳೆ ತಟ್ಟುತ್ತೇವೆ.

ಬಾಗಲಕೋಟೆಯ ಹೋಳಿ ನೋಡಿದವರಿಗೆ ಇನ್ನೊಂದು ಸೋಜಿಗ ಗೊತ್ತು. ಅಲ್ಲಿ ಹಲಗೆ, ಅಂದರೆ ಆ ಕಡೆಯ ತಮಟೆ, ಎಲ್ಲರ ಕೈಯಲ್ಲೂ. ಕಿರಾಣಿ ಅಂಗಡಿಯವರು, ವಕೀಲರು, ಮಾಸ್ತರರು, ಜಾತಿಭೇದವಿಲ್ಲದೆ ಬಡಿಯುತ್ತಾರೆ. ಹುಬ್ಬಳ್ಳಿಯಲ್ಲಿ ಚಕ್ಕಡಿ ಗಾಲಿಯ ಹಳಿಗೆ ಚರ್ಮ ಬಿಗಿದ ಜಗ್ಗಲಿಗೆ ಹೊರಡುತ್ತದೆ. ಮೇಲುಜಾತಿಯ ಕೈಗೆ ಚರ್ಮ ತಾಗಿದರೂ ಆಕಾಶ ಬೀಳುವುದಿಲ್ಲ, ಭೂಮಿ ಬಿರಿಯುವುದಿಲ್ಲ. ಅಂದಮೇಲೆ ಆಗುತ್ತದೆ ಎಂದಾಯಿತು. ಬೇಕಾದಾಗ ಎಲ್ಲವೂ ಆಗುತ್ತದೆ. ಬಣ್ಣ ತೊಳೆದುಕೊಳ್ಳುವ ಹೊತ್ತಿಗೆ ಹಲಗೆ ಮತ್ತೆ ಒಂದೇ ಓಣಿಗೆ ವಾಪಸ್. ಹಬ್ಬದ ದಿನ ಬಡಿಯುವುದು ಎಲ್ಲರ ಹಕ್ಕು. ಉಳಿದ ದಿನ ಹೆಣದ ಮುಂದೆ ಬಡಿಯುವುದು ಅವರೊಬ್ಬರ ಕರ್ತವ್ಯ.

ಕರ್ತವ್ಯ ಎಂದೇ ಊರು ನಂಬಿದೆ. ಅನುಮಾನವಿದ್ದರೆ ಅವರು ಒಮ್ಮೆ “ಬರೋದಿಲ್ಲ” ಎನ್ನಲಿ. ಎಪ್ಪತ್ತರ ದಶಕದಲ್ಲಿ ಬಿ. ಕೃಷ್ಣಪ್ಪನವರಂಥವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಗಾಳಿ ಹಳ್ಳಿಗಳಿಗೆ ಬೀಸಿದಾಗ ಕೇರಿಗಳಲ್ಲಿ ಈ ಚರ್ಚೆ ಎದ್ದಿತ್ತು. ಕೆಲವರು ಇದು ನಮ್ಮ ಅವಮಾನದ ಗುರುತು ಎಂದು ತಮಟೆಯನ್ನು ಎಸೆದರು. ಕೆಲವರು ಇದು ನಮ್ಮ ದನಿ, ನಮಗೆ ಬೇಕಾದಾಗ ಬಡಿಯುತ್ತೇವೆ ಎಂದು ಹೋರಾಟದ ಬೀದಿಗೆ ತಂದರು. ಇಬ್ಬರೂ ಹೇಳಿದ್ದು ಒಂದೇ ಮಾತು, ಇನ್ನು ನೀವು ಹೇಳಿದಾಗ ಬಡಿಯುವುದಿಲ್ಲ. ಊರಿಗೆ ಅರಗದೇ ಹೋದದ್ದು ಆ ಮಾತೇ.

ಈಗಲೂ ಅರಗಿಲ್ಲ. ಜಾತ್ರೆಗೆ ತಮಟೆ ಬಡಿಯಲು ಒಪ್ಪದ ಕೇರಿಗೆ ಬಹಿಷ್ಕಾರ ಎಂಬ ಸುದ್ದಿ ಆಗೀಗ ಒಳಪುಟದಲ್ಲಿ ಬರುತ್ತದೆ. ಅಂಗಡಿಯಲ್ಲಿ ಸಾಮಾನಿಲ್ಲ, ಹೊಲದಲ್ಲಿ ಕೂಲಿಯಿಲ್ಲ, ಗಿರಣಿಯಲ್ಲಿ ಹಿಟ್ಟಿಲ್ಲ, ಮಾತಾಡಿಸಿದವರಿಗೆ ದಂಡ. ಸಾಮಾಜಿಕ ಬಹಿಷ್ಕಾರ ಹಾಕುವುದು, ಪುಕ್ಕಟೆ ಚಾಕರಿಗೆ ಬಲವಂತ ಮಾಡುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಕಾಯ್ದೆಗೆ ಎಲ್ಲವೂ ಗೊತ್ತು, ಠಾಣೆಗೆ ಮಾತ್ರ ನೆನಪಾಗುವುದಿಲ್ಲ. ತಹಶೀಲ್ದಾರರು ಬಂದು ರಾಜಿ ಸಭೆ ಮಾಡುತ್ತಾರೆ. “ತಲೆತಲಾಂತರದಿಂದ ಅಣ್ಣತಮ್ಮಂದಿರ ಹಾಗೆ ಇದ್ದೀರಿ” ಎನ್ನುತ್ತಾರೆ. ಅಣ್ಣ ಯಾರು, ತಮ್ಮ ಯಾರು, ತಮಟೆ ಯಾರ ಕೊರಳಿಗೆ ಎಂಬುದನ್ನು ಸಭೆಯ ನಡಾವಳಿಯಲ್ಲಿ ಬರೆಯುವುದಿಲ್ಲ.

ಇಷ್ಟರ ನಡುವೆ ಒಂದು ಒಳ್ಳೆಯ ಸುದ್ದಿ ಇದೆ. ತಮಟೆಯವರ ಮಕ್ಕಳು ಬಡಿಯುತ್ತಿಲ್ಲ. ಕಾಲೇಜಿಗೆ ಹೋಗುತ್ತಿದ್ದಾರೆ. ಕೊರಿಯರ್ ಕಂಪನಿಗೆ, ಗಾರ್ಮೆಂಟ್ಸಿಗೆ, ಪೊಲೀಸ್ ನೇಮಕಾತಿಗೆ ಹೋಗುತ್ತಿದ್ದಾರೆ. “ಅಪ್ಪನ ಕಾಲಕ್ಕೆ ಮುಗೀತು ಸಾರ್, ನಮ್ಮನ್ನ ಕರೀಬೇಡಿ” ಎನ್ನುತ್ತಿದ್ದಾರೆ. ಮನಸ್ಸು ಬಂದರೆ ಏಪ್ರಿಲ್ 14ಕ್ಕೆ ಬಡಿಯುತ್ತಾರೆ, ಮನಸ್ಸು ಬರದಿದ್ದರೆ ಇಲ್ಲ. ಸ್ವತಂತ್ರ ದೇಶದ ಪ್ರಜೆ ಮಾಡುವ ಕೆಲಸವನ್ನೇ ಮಾಡುತ್ತಿದ್ದಾರೆ.

ಇದನ್ನು ನೋಡಿ ನಮ್ಮ ಸಂಸ್ಕೃತಿ ಪ್ರೇಮಿಗಳ ಕಣ್ಣಲ್ಲಿ ಈಗ ನೀರು. ಅಯ್ಯೋ, ಜನಪದ ಕಲೆ ಅಳಿಯುತ್ತಿದೆ! ‘ಅಳಿವಿನಂಚಿನಲ್ಲಿ ಚರ್ಮವಾದ್ಯಗಳು’ ಎಂಬ ಬ್ಯಾನರಿನ ಕೆಳಗೆ ಎರಡು ದಿನದ ವಿಚಾರ ಸಂಕಿರಣ. ಎಸಿ ಸಭಾಂಗಣ, ಪ್ರಯಾಣ ಭತ್ಯೆ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಯುವಪೀಳಿಗೆ ನಮ್ಮ ಪರಂಪರೆಯನ್ನು ಕೈಬಿಡುತ್ತಿದೆ ಎಂದು ವಿಷಾದ. ಯಾರ ಯುವಪೀಳಿಗೆ, ಸ್ವಾಮಿ? ವಿಷಾದಪಡುವವರ ಮಗ ಟೊರೊಂಟೊದಲ್ಲಿ. ಪರಂಪರೆ ಉಳಿಸುವ ಗುತ್ತಿಗೆ ಕೇರಿಯ ಹುಡುಗನಿಗೆ. ಉದ್ಘಾಟನೆಗೆ ತಮಟೆಯವರನ್ನೇ ಕರೆಸುತ್ತಾರೆ. ಬಡಿದರು, ದೀಪ ಹಚ್ಚಿದ್ದಾಯಿತು, ಅವರು ಹೊರಗೆ. ಒಳಗೆ ಅವರ ಬಗ್ಗೆ ಪ್ರಬಂಧ ಮಂಡನೆ.

ಕಲೆ ಉಳಿಯಬೇಕೇ? ಉಳಿಸೋಣ. ಬಹಳ ಸುಲಭ. ತಮಟೆಯನ್ನು ನಿಮ್ಮ ಮಗನ ಕೊರಳಿಗೆ ಹಾಕಿ. ಭಾನುವಾರದ ಕೀಬೋರ್ಡ್ ಕ್ಲಾಸ್ ಬಿಡಿಸಿ. ಉರಿಬಿಸಿಲಲ್ಲಿ ತೇರಿನ ಮುಂದೆ ನಾಲ್ಕು ಗಂಟೆ ನಡೆಸಿ. ಸಂಜೆ ಯಾರದೋ ಹೆಣದ ಮುಂದೆ ನಿಲ್ಲಿಸಿ. ಅವನ ಅರ್ಧ ವಯಸ್ಸಿನವನೊಬ್ಬ ಬಂದು “ಲೇ, ಜೋರಾಗಿ ಬಡಿಯೋ” ಅನ್ನಲಿ. ಕೂಲಿ ಕೇಳಿದರೆ ಆಮೇಲೆ ನೋಡೋಣ ಅನ್ನಲಿ. ಊಟಕ್ಕೆ ಕೊನೇ ಪಂಕ್ತಿ ಅನ್ನಲಿ. ಗುಡಿ ಮೆಟ್ಟಿಲ ಹತ್ತಿರ ಬಂದಾಗ ಎದೆ ಮೇಲೆ ಕೈಯಿಟ್ಟು ತಡೆಯಲಿ.

ಆಮೇಲೂ ನಿಮಗೆ ಅದು ಉಳಿಯಲೇಬೇಕಾದ ಪರಂಪರೆ ಅನ್ನಿಸಿದರೆ, ಬನ್ನಿ, ಸಂಕಿರಣ ಮಾಡೋಣ. ಅಧ್ಯಕ್ಷತೆ ನಿಮ್ಮದೇ. ತಮಟೆ ಮಾತ್ರ ನೀವೇ ತರಬೇಕು.